ಬಡವ ಬಲ್ಲಿದರ ಅಂತರ: ನಂಬಿದ್ದು, ನಡೆದದ್ದು

ತಪ್ಪು ಕಲ್ಪನೆ: ಆದಾಯದ ಸಮಾನತೆಯಲ್ಲಿ ಭಾರತಕ್ಕೆ ಜಗತ್ತಿನಲ್ಲೇ ನಾಲ್ಕನೇ ಸ್ಥಾನ.

2025ರ ಜುಲೈನಲ್ಲಿ ಈ ಸುದ್ದಿ ಜೋರಾಗಿ ಹರಿದಾಡಿತು. ಅದಕ್ಕೆ ಆಧಾರ ವಿಶ್ವಬ್ಯಾಂಕ್ ಕೊಟ್ಟ 25.5ರ ಗಿನಿ ಸೂಚ್ಯಂಕ. (ಎಲ್ಲರಿಗೂ ಸಮಪಾಲಿದ್ದರೆ ಇದು 0, ಎಲ್ಲವೂ ಒಬ್ಬನದೇ ಆದರೆ 100.) ಅಂಕಿ ಸುಳ್ಳಲ್ಲ. ಆದರೆ ಅದನ್ನು ತೆಗೆದದ್ದು ಮನೆ ಖರ್ಚಿನ ಸಮೀಕ್ಷೆಯಿಂದ. ಹೋಲಿಕೆಗೆ ಇಟ್ಟ ಹಲವು ದೇಶಗಳದ್ದು ಆದಾಯದ ಲೆಕ್ಕ.

ಇದರಿಂದ ಎಷ್ಟು ವ್ಯತ್ಯಾಸವಾಗುತ್ತದೆಂದು ಒಂದು ಅಪಾರ್ಟ್‌ಮೆಂಟಿನೊಳಗೇ ನೋಡಿ. ಅಡುಗೆಯಾಕೆಗೆ ತಿಂಗಳಿಗೆ 15 ಸಾವಿರ ಬರುತ್ತದೆ ಎಂದುಕೊಳ್ಳೋಣ. ಬಾಡಿಗೆ, ರೇಷನ್ನು, ಗ್ಯಾಸು, ಮಕ್ಕಳ ಫೀಸು ಮುಗಿಯುವಷ್ಟರಲ್ಲಿ ಪರ್ಸು ಖಾಲಿ. ಮನೆಯೊಡತಿಯ ಸಂಬಳ 5 ಲಕ್ಷ; ಎಷ್ಟು ಧಾರಾಳಿಯಾದರೂ ಖರ್ಚು ಒಂದೂವರೆ ಲಕ್ಷ ದಾಟದು. ಖರ್ಚಿನಲ್ಲಿ ಇಬ್ಬರ ನಡುವೆ 10 ಪಟ್ಟು ಅಂತರ, ಆದಾಯದಲ್ಲಿ 33 ಪಟ್ಟು. ಉಳಿದ ಮೂರೂವರೆ ಲಕ್ಷ ಸೈಟಾಗುತ್ತದೆ, ಷೇರಾಗುತ್ತದೆ. ಖರ್ಚಿನ ಲೆಕ್ಕದ ಕಣ್ಣಿಗೆ ಬೀಳುವುದೇ ಇಲ್ಲ. ಆದಾಯವನ್ನೇ ಅಳೆದ 2022ರ ವಿಶ್ವ ಅಸಮಾನತೆ ವರದಿಯ ಪ್ರಕಾರ ನಮ್ಮಲ್ಲಿ ಮೇಲಿನ ಶೇ 10 ಮಂದಿಗೆ ಒಟ್ಟು ಆದಾಯದ ಶೇ 57, ಕೆಳಗಿನ ಅರ್ಧದಷ್ಟು ಜನರಿಗೆ ಶೇ 13.

ತಪ್ಪು ಕಲ್ಪನೆ: ಉಳ್ಳವರು, ಇಲ್ಲದವರು ಯಾವ ಕಾಲಕ್ಕೂ ಇದ್ದದ್ದೇ.

ಈ ಮಾತು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಕೈಚೆಲ್ಲಿ ಕೂರಲು ಇದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ. ಅರ್ಥಶಾಸ್ತ್ರಜ್ಞರಾದ ಲುಕಾಸ್ ಚಾನ್ಸೆಲ್ ಮತ್ತು ಥಾಮಸ್ ಪಿಕೆಟ್ಟಿ 1922ರಿಂದೀಚಿನ ಭಾರತದ ತೆರಿಗೆ ದಾಖಲೆಗಳನ್ನು ಜಾಲಾಡಿದ್ದಾರೆ. 1930ರ ದಶಕದ ಕೊನೆಗೆ ಒಟ್ಟು ಆದಾಯದಲ್ಲಿ ಮೇಲಿನ ಶೇ 1 ಮಂದಿಯ ಪಾಲು ಸುಮಾರು ಶೇ 21. 1980ರ ದಶಕದ ಆರಂಭಕ್ಕೆ ಅದು ಶೇ 6ರ ಆಸುಪಾಸಿಗೆ ಇಳಿಯಿತು. 2014ರ ಹೊತ್ತಿಗೆ ಮತ್ತೆ ಶೇ 22. ಇಳಿದ ಆ ದಶಕಗಳಲ್ಲೇ ಜಮೀನ್ದಾರಿ ಹೋಯಿತು, ಕರ್ನಾಟಕದಲ್ಲಿ ದೇವರಾಜ ಅರಸು ಸರ್ಕಾರ 1974ರಲ್ಲಿ ಜಾರಿಗೆ ತಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಗೇಣಿದಾರರನ್ನು ಹೊಲದೊಡೆಯರನ್ನಾಗಿಸಿತು, ಆದಾಯ ತೆರಿಗೆಯ ಗರಿಷ್ಠ ದರ ಶೇ 97.75 ಮುಟ್ಟಿತು. ಆ ದರ ವಿವೇಕದ್ದೆಂದು ನಾನು ಹೇಳಲಾರೆ, ಅದರಿಂದ ಕಳ್ಳಲೆಕ್ಕವೂ ಬೆಳೆಯಿತು. ಆದರೂ ಕಾನೂನು ಬದಲಾದರೆ ಪಾಲೂ ಬದಲಾಗುತ್ತದೆ ಎಂಬುದಂತೂ ನಾವು ಕಂಡ ಸಂಗತಿ.

ತಪ್ಪು ಕಲ್ಪನೆ: ಬಡ ದೇಶ, ಶ್ರೀಮಂತ ದೇಶಗಳ ನಡುವಿನ ಕಂದಕ ಹಿಗ್ಗುತ್ತಲೇ ಇದೆ.

1820ರಿಂದ 1980ರವರೆಗೆ ಇದು ನಿಜವಾಗಿತ್ತು. ಆಮೇಲೆ ಚೀನಾ, ಹಿಂದೆಯೇ ಭಾರತ ಬೆಳೆದವು. 2022ರ ಅದೇ ವಿಶ್ವ ಅಸಮಾನತೆ ವರದಿಯ ಪ್ರಕಾರ ಅದರ ಹಿಂದಿನ ಎರಡು ದಶಕಗಳಲ್ಲಿ ದೇಶ ದೇಶಗಳ ನಡುವಿನ ಅಂತರ ಸುಮಾರು 50 ಪಟ್ಟಿನಿಂದ 40ಕ್ಕಿಂತ ಕೆಳಗೆ ಬಂದಿದೆ. ದೇಶದೊಳಗಿನದು, ಅಂದರೆ ಆ ಅಡುಗೆಯಾಕೆ ಮತ್ತು ಮನೆಯೊಡತಿಯ ನಡುವಿನಂಥದ್ದು, 8.5 ಪಟ್ಟಿನಿಂದ 15ಕ್ಕೆ ಏರಿದೆ.