ಅಟ್ಟದ ಮೇಲಿನ ಪಂಪ್ ಸ್ಟವ್: ಹೊತ್ತಿಸುವ ಮುನ್ನ ತಿಳಿದಿರಬೇಕಾದುದು

ರಾಮಗಿರಿ: ಅಡುಗೆ ಅನಿಲ ಮನೆಮನೆಗೆ ತಲುಪುವ ಮೊದಲು ಪಟ್ಟಣದ ಅಡುಗೆಮನೆಗಳಲ್ಲಿ ಬೆಳಗಾಗುತ್ತಿದ್ದುದು ಪಂಪ್ ಸ್ಟವ್‌ನ ಭರ್ ಎಂಬ ಸದ್ದಿನಿಂದ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಭಾಗದ ಹಳೆಯ ಮನೆಗಳ ಅಟ್ಟದಲ್ಲಿ ಅಂಥ ಹಿತ್ತಾಳೆಯ ಸ್ಟವ್ ದೊರೆತರೆ ಅದನ್ನು ಗುಜರಿಗೆ ಹಾಕಲು ಮನಸ್ಸು ಬಾರದು. ಅಜ್ಜಿಯ ಕಾಲದ ವಸ್ತುವನ್ನು ಮತ್ತೆ ಉರಿಸಿ ನೋಡುವ ಆಸೆ ಸಹಜವೇ. ಆದರೆ ಅದನ್ನು ಬೆಳಗಿ ಹೊಳಪು ತರಿಸುವುದು ಕಡೆಯ ಕೆಲಸ. ಸ್ಟವ್ ಗಾಳಿಯ ಒತ್ತಡವನ್ನು ತಡೆದು ನಿಲ್ಲುತ್ತದೆಯೇ ಎಂಬುದನ್ನು ಮೊದಲು ತಿಳಿಯಬೇಕು.

ಕೆಲಸ ಮಾಡುವ ಬಗೆ

ಬತ್ತಿಯಿಲ್ಲದ ಈ ಸ್ಟವ್‌ನ ಮೂಲ ಸ್ವೀಡನ್. 1892ರಲ್ಲಿ ಸ್ಟಾಕ್‌ಹೋಮ್‌ನ ಫ್ರಾನ್ಸ್ ವಿಲ್ಹೆಲ್ಮ್ ಲಿಂಡ್‌ಕ್ವಿಸ್ಟ್ ರೂಪಿಸಿದ ಇದು ‘ಪ್ರೈಮಸ್’ ಹೆಸರಿನಲ್ಲಿ ಜಗತ್ತಿನಾದ್ಯಂತ ಹರಡಿತು. 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದ ಅಮುಂಡ್‌ಸೆನ್ ತಂಡವೂ 1953ರಲ್ಲಿ ಎವರೆಸ್ಟ್ ಏರಿದ ತಂಡವೂ ಒಯ್ದದ್ದು ಇದನ್ನೇ.

ಇದರ ತತ್ತ್ವ ಸರಳವಾದುದು. ಪಂಪ್ ಮಾಡಿದಾಗ ಟ್ಯಾಂಕಿನೊಳಗಿನ ಗಾಳಿಯ ಒತ್ತಡ ಸೀಮೆಎಣ್ಣೆಯನ್ನು ಕೊಳವೆಯ ಮೂಲಕ ಬರ್ನರ್‌ಗೆ ತಳ್ಳುತ್ತದೆ. ಬರ್ನರ್ ಮೊದಲೇ ಕಾದಿದ್ದರೆ ಎಣ್ಣೆ ಅಲ್ಲಿ ಆವಿಯಾಗಿ, ನಿಪ್ಪಲ್‌ನ ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮಿ, ಗಾಳಿಯೊಡನೆ ಬೆರೆತು ನೀಲಿಯಾಗಿ ಉರಿಯುತ್ತದೆ. ಬರ್ನರ್ ಕಾದಿರದಿದ್ದರೆ ಆವಿಯ ಬದಲು ದ್ರವವೇ ಚಿಮ್ಮಿ ಹಳದಿ ಜ್ವಾಲೆ ಆಳೆತ್ತರಕ್ಕೆ ಏಳಬಹುದು.

ಇಂಧನ ಯಾವುದು?

ಮೊದಲು ನಿರ್ಧರಿಸಬೇಕಾದುದು ಇದನ್ನೇ. ಮನೆಬಳಕೆಯ ಪಂಪ್ ಸ್ಟವ್‌ಗಳು ಸೀಮೆಎಣ್ಣೆಗೆಂದೇ ತಯಾರಾದವು. ಪ್ರವಾಸಿಗರು, ಚಾರಣಿಗರು ಬಳಸುತ್ತಿದ್ದ ಪುಟ್ಟ ಸ್ಟವ್‌ಗಳಲ್ಲಿ ಕೆಲವು ಪೆಟ್ರೋಲ್‌ನಿಂದ ಉರಿಯುವಂಥವು. ಸೀಮೆಎಣ್ಣೆಯ ಸ್ಟವ್‌ಗೆ ಪೆಟ್ರೋಲನ್ನಾಗಲಿ, ಪೆಟ್ರೋಲ್ ಬೆರೆತ ಎಣ್ಣೆಯನ್ನಾಗಲಿ ಎಂದಿಗೂ ಹಾಕಬಾರದು. ಡೀಸೆಲ್ ಹಾಕಿದರೆ ಮಸಿ ಕಟ್ಟುತ್ತದೆ. ಸ್ಟವ್ ಯಾವ ಬಗೆಯದೆಂದು ಖಚಿತವಾಗದಿದ್ದರೆ ಹೊತ್ತಿಸದಿರುವುದೇ ಲೇಸು.

ಪಡಿತರದ ಸೀಮೆಎಣ್ಣೆಗೆ ನೀಲಿ ಬಣ್ಣ ಬೆರೆಸಲಾಗುತ್ತದೆ. ಮುಕ್ತ ಮಾರಾಟದ ಎಣ್ಣೆಗೆ ಈ ಬಣ್ಣವಿರುವುದಿಲ್ಲ. 2016ರಲ್ಲಿ ಉಜ್ವಲ ಯೋಜನೆ ಆರಂಭವಾದ ಬಳಿಕ ಅನಿಲ ಸಂಪರ್ಕ ವಿಸ್ತರಿಸಿತು. 2020ರ ಮಾರ್ಚ್ ವೇಳೆಗೆ ಪಡಿತರ ಸೀಮೆಎಣ್ಣೆಯ ಮೇಲಿನ ಕೇಂದ್ರದ ಬೆಲೆ ಸಹಾಯಧನ ಶೂನ್ಯಕ್ಕಿಳಿಯಿತು. ಆದ್ದರಿಂದ ಒಳ್ಳೆಯ ಎಣ್ಣೆಯನ್ನು ಹುಡುಕುವುದೂ ಈಗ ದುರಸ್ತಿಯ ಒಂದು ಭಾಗವೇ ಆಗಿದೆ.

ದುರಸ್ತಿಯ ಹಂತಗಳು

ಕೆಲಸ ಅಂಗಳದಲ್ಲಿ, ಬೆಂಕಿಯಿಂದ ದೂರದಲ್ಲಿ ನಡೆಯಲಿ. ಟ್ಯಾಂಕಿನಲ್ಲಿ ಉಳಿದ ಹಳೆಯ ಎಣ್ಣೆ ಅಂಟಾಗಿರುತ್ತದೆ. ಅದನ್ನು ಬಸಿದು, ಸ್ವಲ್ಪ ಹೊಸ ಸೀಮೆಎಣ್ಣೆ ಹಾಕಿ ಕುಲುಕಿ, ಶುದ್ಧ ಎಣ್ಣೆ ಬರುವವರೆಗೆ ತೊಳೆಯಬೇಕು.

ಪಂಪ್ ಒತ್ತಿದಾಗ ಕೈಗೆ ತಡೆ ಸಿಗದಿದ್ದರೆ ಅದರ ತುದಿಯ ಚರ್ಮದ ವಾಷರ್ ಒಣಗಿದೆ ಎಂದರ್ಥ. ದಂಡವನ್ನು ಹೊರತೆಗೆದು, ಚರ್ಮವನ್ನು ಹೊಲಿಗೆ ಯಂತ್ರಕ್ಕೆ ಬಳಸುವ ತೆಳು ಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಅದರ ಅಂಚನ್ನು ಬೆರಳಿನಿಂದ ಮೆಲ್ಲನೆ ಹರವಬೇಕು. ಸೀಳಿದ್ದರೆ ಹೊಸದನ್ನು ಹಾಕಬೇಕು. ಒತ್ತಿದ ದಂಡ ತಾನಾಗಿಯೇ ಮೇಲೇರಿದರೆ, ಅಥವಾ ಪಂಪಿನ ಕೊಳವೆಗೆ ಎಣ್ಣೆ ಬಂದರೆ, ಅದರ ತಳದಲ್ಲಿರುವ ವಾಲ್ವ್ ಕೆಟ್ಟಿದೆ ಎಂದು ತಿಳಿಯಬೇಕು. ಇದನ್ನು ಬಿಚ್ಚಲು ತಕ್ಕ ಉಪಕರಣ ಬೇಕು. ಬಲ್ಲವರಿಗೆ ಒಪ್ಪಿಸುವುದು ಒಳ್ಳೆಯದು.

ಎಣ್ಣೆ ತುಂಬುವ ಮುಚ್ಚಳದ ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟಿರುವುದು ಸಾಮಾನ್ಯ. ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದರೆ ಸೀಮೆಎಣ್ಣೆಗೆ ಅದು ಉಬ್ಬಿ ಮೆತ್ತಗಾಗುತ್ತದೆ. ಎಣ್ಣೆಯನ್ನೂ ಶಾಖವನ್ನೂ ತಾಳುವ ವಾಷರ್ ಬೇಕು. ನಿಪ್ಪಲ್ ಕಟ್ಟಿಕೊಂಡಿದ್ದರೆ ಅದಕ್ಕೆಂದೇ ಇರುವ ಪಿನ್ನಿನಿಂದ ಚುಚ್ಚಬೇಕು. ದಪ್ಪ ಸೂಜಿ ಹಾಕಿದರೆ ರಂಧ್ರ ಹಿಗ್ಗಿ, ಜ್ವಾಲೆ ಮತ್ತೆಂದೂ ನೀಲಿಯಾಗದು.

ಇಷ್ಟಾದ ಮೇಲೆ ಬೆಂಕಿಯಿಲ್ಲದೆಯೇ ಪರೀಕ್ಷಿಸಬೇಕು. ಟ್ಯಾಂಕ್ ಖಾಲಿಯಿರುವಾಗಲೇ ಸ್ಕ್ರೂ ಬಿಗಿದು, ಹತ್ತಾರು ಸಲ ಪಂಪ್ ಮಾಡಿ, ಎಲ್ಲ ಬೆಸುಗೆ, ಜೋಡಣೆಗಳಿಗೆ ಸೋಪಿನ ನೊರೆ ಹಚ್ಚಬೇಕು. ನಿಪ್ಪಲ್‌ನ ಬಾಯಲ್ಲಿ ಗಾಳಿ ಹೊರಡುವುದು ಸರಿಯೇ. ಬೇರೆಲ್ಲಿಯೂ ಗುಳ್ಳೆ ಏಳಬಾರದು. ಟ್ಯಾಂಕಿನ ಬೆಸುಗೆಯಲ್ಲೇ ಗುಳ್ಳೆ ಕಂಡರೆ ಆ ಸ್ಟವ್ ಇನ್ನು ಪ್ರದರ್ಶನಕ್ಕೆ ಮಾತ್ರ.

ಹೊತ್ತಿಸುವ ಕ್ರಮ

ಟ್ಯಾಂಕಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಎಣ್ಣೆ ಬೇಡ. ಗಾಳಿ ಬಿಡುವ ಸ್ಕ್ರೂ ಸಡಿಲವಾಗಿರಲಿ. ಬರ್ನರ್ ಕೆಳಗಿನ ಬಟ್ಟಲಿಗೆ ಸ್ಪಿರಿಟ್ ಹಾಕಿ ಹೊತ್ತಿಸಬೇಕು. ಅದು ಇನ್ನೇನು ಆರುತ್ತದೆ ಎನ್ನುವಾಗ ಸ್ಕ್ರೂ ಬಿಗಿದು ಮೂರ್ನಾಲ್ಕು ಸಲ ಪಂಪ್ ಮಾಡಿದರೆ ನೀಲಿ ಜ್ವಾಲೆ ಹಿಡಿಯುತ್ತದೆ. ಆನಂತರವೇ ಹೆಚ್ಚು ಪಂಪ್ ಮಾಡಬೇಕು. ಹಳದಿ ಜ್ವಾಲೆ ಎದ್ದರೆ ತಕ್ಷಣ ಸ್ಕ್ರೂ ಸಡಿಲಿಸಿ ಒತ್ತಡ ಇಳಿಸಬೇಕು; ಆರಿಸುವ ಕ್ರಮವೂ ಇದೇ. ಸ್ಟವ್ ಉರಿಯುತ್ತಿರುವಾಗ, ಬಿಸಿಯಿರುವಾಗ ಎಣ್ಣೆ ತುಂಬಬಾರದು. ಮುಚ್ಚಿದ ಕೋಣೆ, ಡೇರೆಗಳಲ್ಲಿ ಉರಿಸಿದರೆ ಬಣ್ಣವೂ ವಾಸನೆಯೂ ಇಲ್ಲದ ಇಂಗಾಲದ ಮೊನಾಕ್ಸೈಡ್ ಪ್ರಾಣ ತೆಗೆಯಬಲ್ಲದು. ಜೋಗಿಮಟ್ಟಿಯಂಥ ವನ್ಯಧಾಮಕ್ಕೆ ಇದನ್ನು ಒಯ್ದು ಬೆಂಕಿ ಹಚ್ಚುವ ವಿಚಾರವೂ ಬೇಡ.

‘ಸ್ಟವ್ ಸಿಡಿದು’ ಎಂಬ ಸುದ್ದಿ

‘ಸ್ಟವ್ ಸಿಡಿದು ಗೃಹಿಣಿ ಸಾವು’ ಎಂಬ ಶೀರ್ಷಿಕೆ ಒಂದು ಕಾಲದಲ್ಲಿ ಪತ್ರಿಕೆಗಳಲ್ಲಿ ಪದೇ ಪದೇ ಕಾಣುತ್ತಿತ್ತು. 1990ರ ದಶಕದಲ್ಲಿ ಬೆಂಗಳೂರಿನ ಮಹಿಳಾ ಸಂಘಟನೆ ವಿಮೋಚನಾ ಇಂಥ ಸಾವುಗಳ ಬೆನ್ನುಹತ್ತಿ, ಅಪಘಾತವೆಂದು ದಾಖಲಾದ ಎಷ್ಟೋ ಪ್ರಕರಣಗಳ ಹಿಂದೆ ವರದಕ್ಷಿಣೆ ಹಾಗೂ ಕೌಟುಂಬಿಕ ಹಿಂಸೆಯ ಪ್ರಶ್ನೆ ಇರುವುದನ್ನು ಎತ್ತಿ ತೋರಿಸಿತು. ಸ್ಟವ್‌ನ ಮೇಲೆ ಹೊರಿಸಿದ ಆರೋಪವೆಲ್ಲ ಸ್ಟವ್‌ನದಾಗಿರಲಿಲ್ಲ. ನಿಜವಾದ ಅವಘಡಗಳೂ ನಡೆಯುತ್ತಿದ್ದುದುಂಟು. ಸೋರುವ ವಾಷರ್, ಕಲಬೆರಕೆ ಎಣ್ಣೆ, ಬಿಸಿಯಿರುವಾಗಲೇ ಎಣ್ಣೆ ತುಂಬುವ ಅವಸರಗಳು ಅವುಗಳಿಗೆ ದಾರಿ ಮಾಡಿಕೊಡುವಂಥವು. ಈ ಮೂರೂ ನಮ್ಮ ಕೈಯಲ್ಲೇ ಇರುವ ಸಂಗತಿಗಳು. ಇವನ್ನು ಸರಿಪಡಿಸಿದ ಬಳಿಕ ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ಎಷ್ಟು ಬೇಕಾದರೂ ಬೆಳಗಬಹುದು.