ತಗ್ಗಿಗೆ ಹರಿಯದ ನೀರು

ದಲಿತ ವಿಮರ್ಶೆ ಎಂದ ಕೂಡಲೇ ನಮ್ಮಲ್ಲಿ ಕತೆ, ಕವಿತೆ, ಆತ್ಮಕಥನಗಳ ಮಾತು ಶುರುವಾಗುತ್ತದೆ. ಬರೆದವರು ಯಾರು, ಓದಿದವರು ಯಾರು, ಓದಿದವರು ಕಂಡೂ ಕಾಣದ ಹಾಗೆ ದಾಟಿಹೋದದ್ದು ಏನು ಎಂದು ಕೇಳುವುದು ಈ ವಿಮರ್ಶೆಯ ಕೆಲಸ. ಇದೇ ಪ್ರಶ್ನೆಗಳನ್ನು ಒಂದು ನಕ್ಷೆಗೆ, ಒಂದು ಸರ್ವೆ ಫಾರಮ್ಮಿಗೆ ಕೇಳಬಾರದೇಕೆ? ನಗರಾಭಿವೃದ್ಧಿ ಕಲಿಯುವ ಹುಡುಗ ಹುಡುಗಿಯರು ಕ್ಷೇತ್ರಕಾರ್ಯವೆಂದು ವರ್ಷಾವರ್ಷ ಕೇರಿಗಳಿಗೆ, ಸ್ಲಮ್ಮುಗಳಿಗೆ ಬಂದು ಹೋಗುತ್ತಾರೆ. ಅವರೂ ಓದುಗರೇ, ಅವರು ಓದುವ ಪಠ್ಯ ನಮ್ಮ ಜನರ ಬದುಕು. ಅಂಥ ಒಂದು ತಂಡದ ಜೊತೆ ನಾನು ಆರು ದಿನ ದುಭಾಷಿಯಾಗಿ ಓಡಾಡಿದೆ. ಅಲ್ಲಿ ದೊಡ್ಡ ತಪ್ಪು ಮಾಡಿದವನು ಕೇರಿಯಲ್ಲೇ ಹುಟ್ಟಿ ಬೆಳೆದ ನಾನು. ಆ ತಪ್ಪಿನಿಂದಲೇ ಈ ಲೇಖನ.

ಬೆಂಗಳೂರು ನುಂಗಿ ನೀರು ಕುಡಿದ ಹಳ್ಳಿಗಳಲ್ಲಿ ಅದೂ ಒಂದು. ಹೆಸರು ಬೇಡ. ಹೊಲ ತೋಟಗಳಿದ್ದ ಕಡೆ ಸೈಟುಗಳಾಗಿವೆ. ಊರೊಳಗಿನ ದೊಡ್ಡ ಮನೆಗಳು ಮೂರಂತಸ್ತು ಏರಿ ಬಾಡಿಗೆ ಎಣಿಸುತ್ತಿವೆ. ಬದಲಾಗದೆ ಉಳಿದದ್ದು ಒಂದೇ: ಊರು ಮೇಲಕ್ಕೆ, ಕೇರಿ ಕೆಳಕ್ಕೆ. ಕೇರಿಯ ಗಂಡಸರದು ಗಾರೆ ಕೆಲಸ, ಪೇಂಟಿಂಗು, ಆಟೋ. ಹೆಂಗಸರದು ಮನೆಗೆಲಸ, ಒಂದಷ್ಟು ಮಂದಿ ಪೌರಕಾರ್ಮಿಕರು. ಹಳ್ಳಿಯನ್ನೇ ದೇಶದ ಬುನಾದಿ ಮಾಡಬೇಕೆಂಬ ವಾದವನ್ನು ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ತಳ್ಳಿಹಾಕಿದ್ದರು. ಪಟ್ಟಣ ಸೇರಿದರೆ ಜಾತಿಯ ಗಂಟು ಸಡಿಲವಾದೀತು ಎಂಬ ಆಸೆ ನಮ್ಮ ಹಿರಿಯರಿಗೂ ಇತ್ತು, ನಮಗೂ ಇತ್ತು. ಆದರೆ ಇಲ್ಲಿ ಕೇರಿಯವರು ಪಟ್ಟಣಕ್ಕೆ ಹೋಗಲಿಲ್ಲ, ಪಟ್ಟಣವೇ ಕೇರಿಗೆ ಬಂತು. ಬರುವಾಗ ಊರನ್ನೂ ಬೆನ್ನಿಗೆ ಕಟ್ಟಿಕೊಂಡೇ ಬಂತು.

ವಿದ್ಯಾರ್ಥಿಗಳ ಕೈಯಲ್ಲಿದ್ದ ಕಾಗದದಲ್ಲಿ ಈ ಜಾಗದ ಹೆಸರು ‘ಸ್ಲಂ’. ಕನಿಷ್ಠ 300 ಜನ ಅಥವಾ ಸುಮಾರು 60–70 ಮನೆಗಳು, ಒತ್ತೊತ್ತಾಗಿ ಹೇಗೋ ಕಟ್ಟಿಕೊಂಡವು, ನೈರ್ಮಲ್ಯವಿಲ್ಲದವು ಇದ್ದರೆ ಅದು ಸ್ಲಂ ಎಂದು 2011ರ ಜನಗಣತಿ ಲೆಕ್ಕ ಹಾಕಿತ್ತು. ನಮ್ಮ ರಾಜ್ಯದ 1973ರ ಕೊಳಚೆ ಪ್ರದೇಶ ಕಾಯಿದೆಯ ಪ್ರಕಾರ, ಒಂದು ಜಾಗ ತಗ್ಗಿನಲ್ಲಿದ್ದು, ಕೊಳಕಾಗಿ, ಕಿಕ್ಕಿರಿದು, ಅಲ್ಲಿಯವರ ಅಥವಾ ನೆರೆಹೊರೆಯವರ ಆರೋಗ್ಯ, ಸುರಕ್ಷತೆ, ಅನುಕೂಲಗಳಿಗೆ ಅಪಾಯವಾಗುವಂತಿದ್ದರೆ ಅದನ್ನು ಕೊಳಚೆ ಪ್ರದೇಶವೆಂದು ಘೋಷಿಸಬಹುದು. ಇಂಥ ಘೋಷಣೆಯಿಂದ ನಮ್ಮವರಿಗೆ ಉಪಯೋಗವೂ ಇದೆ. ಅದನ್ನು ಹಿಡಿದುಕೊಂಡೇ ಎಷ್ಟೋ ಕಡೆ ಜನ ನಲ್ಲಿ, ದೀಪ, ಹಕ್ಕುಪತ್ರ ಕೇಳಿದ್ದಾರೆ. ಆದರೆ ಓದುವ ಬಗೆಯನ್ನು ಗಮನಿಸಿ. ಜಾಗ ತಗ್ಗಿನಲ್ಲಿದೆ ಎಂದು ಕಾನೂನು ಹೇಳುತ್ತದೆ. ಆ ತಗ್ಗಿನಲ್ಲಿ ಇವರನ್ನು ಇಟ್ಟವರು ಯಾರು ಎಂದು ಕೇಳುವುದಿಲ್ಲ. 1898ರ ಪ್ಲೇಗಿನ ಸುತ್ತಿನ ವರ್ಷಗಳಲ್ಲಿ ಬೆಳೆದ ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳಲ್ಲಿ ಸೈಟುಗಳನ್ನು ಜಾತಿವಾರು ಹಂಚಿದ್ದರು. ಅವುಗಳ ಚರಿತ್ರೆಗೆ ‘ಯೋಜನೆ’ ಎಂಬ ಹೆಸರಿದೆ. ಕೇರಿಯ ಚರಿತ್ರೆಗೆ ‘ಅಸ್ತವ್ಯಸ್ತ’ ಎಂಬ ಹೆಸರಿದೆ. ಎರಡೂ ಯೋಜನೆಯೇ.

ಇನ್ನು ವಿದ್ಯಾರ್ಥಿಗಳ ಕೆಲಸದ ಕ್ರಮ. ಮೊದಲ ದಿನ ಕೇರಿಯ ಈ ತುದಿಯಿಂದ ಆ ತುದಿಗೆ ಕಾಲ್ನಡಿಗೆ, ಕಂಡದ್ದನ್ನೆಲ್ಲ ಬರೆದುಕೊಳ್ಳುವುದು. ಎರಡನೇ ದಿನ ಜನರ ಕೈಯಿಂದಲೇ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ನಕ್ಷೆ ಬರೆಸುವುದು. ಆಮೇಲೆ ಮನೆ ಮನೆ ಸರ್ವೆ, ಸಮಸ್ಯೆಗಳ ಪಟ್ಟಿ, ಯಾವುದು ಮೊದಲು ಯಾವುದು ಆಮೇಲೆ ಎಂದು ಕಾಳು ಇಟ್ಟು ಎಣಿಸುವುದು. ಕೊನೆಯ ದಿನ ವರದಿ. ಜನರೇ ಬರೆಯಲಿ, ನಾವು ಕೇಳಿಸಿಕೊಳ್ಳೋಣ ಎಂಬ ಈ ವಿಧಾನ ರಾಬರ್ಟ್ ಚೇಂಬರ್ಸ್ ಮುಂತಾದವರ ಮೂಲಕ 1990ರ ದಶಕದಲ್ಲಿ ಹೆಸರಾಯಿತು. ಅದಕ್ಕೂ ಬಹಳ ಹಿಂದೆ, 1914ರಲ್ಲಿ ಭಾರತಕ್ಕೆ ಬಂದ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್, ಯೋಜನೆಗಿಂತ ಮೊದಲು ಸರ್ವೆ ಆಗಬೇಕು, ಗಲ್ಲಿ ಗಲ್ಲಿ ಸುತ್ತಬೇಕು ಎಂದು ಪಟ್ಟು ಹಿಡಿದವರು. ಬೀದಿ ಅಗಲ ಮಾಡುವ ನೆಪದಲ್ಲಿ ಬಡವರ ಮನೆ ಕೆಡವುವುದನ್ನು ವಿರೋಧಿಸಿದವರು. ಪ್ಲೇಗಿನ ಕಾಲದಲ್ಲಿ ಇಂದೂರಿನಲ್ಲಿ ದೀಪಾವಳಿಯ ದೊಡ್ಡ ಮೆರವಣಿಗೆ ಏರ್ಪಡಿಸಿ, ಅದರಲ್ಲಿ ಜಾಡಮಾಲಿಗಳಿಗೆ ಗೌರವದ ಸ್ಥಾನ ಕೊಟ್ಟಿದ್ದರು. ದೊಡ್ಡ ಮನಸ್ಸು, ಸಂಶಯವಿಲ್ಲ. ಆದರೆ ಕಸಬರಿಕೆ ಒಂದೇ ಜಾತಿಯ ಕೈಯಲ್ಲಿ ಏಕಿದೆ ಎಂಬ ಪ್ರಶ್ನೆಯನ್ನು ಮೆರವಣಿಗೆ ಕೇಳಲಾರದು.

ನಮ್ಮ ನೆಲದಲ್ಲಿ ಅದನ್ನು ಕೇಳಿದವರು ಬಿ. ಬಸವಲಿಂಗಪ್ಪ. 1973ರ ಬೂಸಾ ಪ್ರಕರಣದಿಂದಾಗಿ ಸಾಹಿತ್ಯದವರಿಗೆ ಅವರು ಗೊತ್ತು. ಅದೇ ಮನುಷ್ಯ ಪೌರಾಡಳಿತ ಸಚಿವರಾಗಿ ತಲೆಯ ಮೇಲೆ ಮಲ ಹೊರಿಸುವುದನ್ನು ನಿಷೇಧಿಸಿದವರು ಎಂಬುದನ್ನು ನಾವು ಬೇರೆಯೇ ಅಧ್ಯಾಯದಲ್ಲಿ ಓದುತ್ತೇವೆ. ನನಗೆ ಅವೆರಡೂ ಒಂದೇ ಕೆಲಸವೆನಿಸುತ್ತದೆ. ಪುಸ್ತಕದಲ್ಲಿ ಯಾರ ಬದುಕು ಇಲ್ಲ, ಯಾರ ತಲೆಯ ಮೇಲೆ ಏನಿದೆ, ಎರಡನ್ನೂ ಒಂದೇ ಕಣ್ಣು ನೋಡಿತ್ತು. ಕ್ಷೇತ್ರಕಾರ್ಯಕ್ಕೆ ಬೇಕಾದದ್ದು ಆ ಕಣ್ಣು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಎರಡನೇ ದಿನ ಅರಳೀಮರದ ಕೆಳಗೆ ಹೆಂಗಸರು ನಕ್ಷೆ ಬರೆಯುತ್ತಿದ್ದರು. ನಲ್ಲಿಗಳಿರುವ ಕಡೆ ಹುಣಸೆಬೀಜ ಇಟ್ಟರು. ಒಬ್ಬ ಹುಡುಗಿ, “ನೀರು ಹೇಗೆ ಬರುತ್ತೆ ಕೇಳಿ ಸರ್” ಅಂದಳು. ನಾನು ಕೇಳಿದೆ. ಪೌರಕಾರ್ಮಿಕಳಾಗಿದ್ದ ಒಬ್ಬಾಕೆ ನೆಟ್ಟಗೆ ಹೇಳಿದಳು: “ದಿನ ಬಿಟ್ಟು ದಿನ ಬತ್ತದೆ ಮೇಷ್ಟ್ರೇ. ಊರೋರ್ದೆಲ್ಲಾ ಸಂಪು ತುಂಬ್ಬೇಕು, ಆಮ್ಯಾಲೆ ನಮ್ ವಾಲ್ವು ತಿರುಗಿಸ್ತಾನೆ. ಹೊಲಗೇರಿ ತಾನೇ, ಕಾಯ್ಲಿ ಅಂತ.”

ನಾನು ಇಂಗ್ಲಿಷಿನಲ್ಲಿ ಹೇಳಿದ್ದಿಷ್ಟು: ಕೇರಿ ಕೊಳವೆಯ ಕೊನೆಯಲ್ಲಿದೆ, ಪ್ರೆಷರ್ ಕಮ್ಮಿ, ನೀರು ತಡವಾಗಿ ಬರುತ್ತದೆ.

ಯಾಕೆ ಹಾಗೆ ಹೇಳಿದೆ? ಆ ಹುಡುಗರ ಮುಂದೆ ‘ಹೊಲಗೇರಿ’ ಎಂಬ ಮಾತನ್ನು ನನ್ನ ಬಾಯಿಂದ ಆಡಲು ನಾಚಿಕೆಯಾಯಿತು. ನಾನೂ ಅಂಥದೇ ಕೇರಿಯವನೆಂದು ಅವರಿಗೆ ಗೊತ್ತಿರಲಿಲ್ಲ. ಓದಿದ ದಲಿತನ ಕಷ್ಟ ಇದು. ಭಾಷಣದಲ್ಲಿ ಆಡುವ ಮಾತನ್ನು ಭಾಷಾಂತರದಲ್ಲಿ ನುಂಗುತ್ತೇವೆ. ನಾನು ನುಂಗಿದ ಒಂದು ವಾಕ್ಯ ನಾಲ್ಕು ದಿನದಲ್ಲಿ ಇಂಜಿನಿಯರಿಂಗ್ ಆಯಿತು. ವರದಿಯ ಕರಡಿನಲ್ಲಿ ‘ಕಡಿಮೆ ಒತ್ತಡ’ ಎಂಬುದು ಸಮಸ್ಯೆ. ದಪ್ಪ ಕೊಳವೆ ಹಾಕಿ, ಒಂದು ಪಂಪು ಕೂಡಿಸುವುದು ಪರಿಹಾರ. ಅಂದಾಜು ಖರ್ಚನ್ನೂ ಬರೆದಿದ್ದರು. ಜಾತಿ ಹೋಗಿ ಪಂಪು ಬಂದಿತ್ತು.

ಐದನೇ ದಿನ ಕರಡನ್ನು ಕೇರಿಯಲ್ಲೇ ಓದಿ ಹೇಳಬೇಕು ಎಂದು ಅವರ ಮೇಡಂ ಕಟ್ಟುನಿಟ್ಟು ಮಾಡಿದರು. ಆ ಒಂದು ನಿಯಮ ನನ್ನನ್ನು ಹಿಡಿದುಹಾಕಿತು. ಕನ್ನಡದಲ್ಲಿ ಓದುತ್ತಾ ಹೋದೆ. ಅದೇ ಹೆಂಗಸು ಕೈಯೆತ್ತಿದಳು: “ನಾನೇಳಿದ್ದು ಇದಲ್ಲ ಮೇಷ್ಟ್ರೇ. ವಾಲ್ವು ಅಂದೆ ನಾನು. ಪಂಪು ಯಾರ್ ಕೇಳಿದ್ರು?”

ನಾನು ತಲೆ ತಗ್ಗಿಸಿ ಅವಳ ಮಾತನ್ನು ಇದ್ದದ್ದಿದ್ದ ಹಾಗೆ ಹೇಳಿದೆ. ನಾನು ಯಾವ ಕೇರಿಯವನು ಎಂಬುದನ್ನೂ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹುಡುಗ ತಾನು ಅಳೆದಿದ್ದ ನೆಲದ ಏರುತಗ್ಗಿನ ನಕ್ಷೆ ಬಿಚ್ಚಿದ. “ಸರ್, ಕೇರಿ ಊರಿಗಿಂತ ತಗ್ಗಿನಲ್ಲಿದೆ. ತಗ್ಗಿನ ಕಡೆ ಪ್ರೆಷರ್ ಜಾಸ್ತಿ ಇರಬೇಕು. ಮೊದಲ ದಿನಾನೇ ನನಗೆ ಡೌಟ್ ಬಂದಿತ್ತು, ನೀವು ಹೇಳಿದ್ರಲ್ಲಾ ಅಂತ ಸುಮ್ಮನಾದೆ” ಅಂದ. ಅದನ್ನು ಕನ್ನಡದಲ್ಲಿ ಹೇಳಿದಾಗ ಹೆಂಗಸರೆಲ್ಲ ನಕ್ಕರು. ಒಬ್ಬಜ್ಜಿ ಅಂದಳು: “ಚರಂಡಿ ನೀರು ತಗ್ಗಿಗೆ ಹರೀತದೆ ಕಣಪ್ಪಾ, ಕುಡಿಯೋ ನೀರ್ಗೆ ಮಾತ್ರ ದಾರಿ ಗೊತ್ತಾಗಲ್ಲ.”

ಇದನ್ನು ನಾನು ವಿಮರ್ಶೆ ಎಂದು ಕರೆಯುತ್ತೇನೆ. ಅಜ್ಜಿ ಒಂದು ಪಠ್ಯದ ಸುಳ್ಳನ್ನು ಹಿಡಿದಳು. ಹುಡುಗ ತನ್ನ ಶಾಸ್ತ್ರದಿಂದ ಅದಕ್ಕೆ ಸಾಕ್ಷಿ ಕೊಟ್ಟ. ಅನುಭವ ದೊಡ್ಡದೋ ಶಾಸ್ತ್ರ ದೊಡ್ಡದೋ ಎಂಬ ನಮ್ಮ ಹಳೆಯ ಜಗಳ ಅರಳೀಮರದ ಕೆಳಗೆ ಅರ್ಧ ಗಂಟೆ ನಿಂತುಹೋಯಿತು. 1927ರ ಮಾರ್ಚ್ 20ರಂದು ಮಹಾಡಿನ ಚೌಡಾರ್ ಕೆರೆಯ ನೀರು ಮುಟ್ಟಿದಾಗ ಪ್ರಶ್ನೆ ಮುಟ್ಟುವುದರದಾಗಿತ್ತು. ಈಗ ನೀರನ್ನು ಯಾರೂ ಮುಟ್ಟಬೇಡಿ ಅನ್ನುವುದಿಲ್ಲ. ಕೊಳವೆ ನೆಲದೊಳಗಿದೆ, ವಾಲ್ವಿನ ಕೀಲಿ ಒಬ್ಬನ ಕೈಯಲ್ಲಿದೆ, ಜಾತಿ ವೇಳಾಪಟ್ಟಿಯೊಳಗೆ ಅಡಗಿ ಕೂತಿದೆ.

ವಿದ್ಯಾರ್ಥಿಗಳು ಉಳಿದ ಸಮಯದಲ್ಲಿ ಮಾಡಿದ್ದು ಸಣ್ಣ ಕೆಲಸ. ಆರನೇ ದಿನ ನೀರು ಬಿಡುವ ದಿನವಾಗಿತ್ತು. ಬೆಳಗಿನ ಜಾವವೇ ಊರ ಬೀದಿಯಲ್ಲಿ ಇಬ್ಬರು, ಕೇರಿಯ ನಲ್ಲಿಯ ಹತ್ತಿರ ಇಬ್ಬರು ಗಡಿಯಾರ ಹಿಡಿದು ನಿಂತರು. ನೀರು ಬಂದ ಹೊತ್ತು, ನಿಂತ ಹೊತ್ತು, ತುಂಬಿದ ಬಿಂದಿಗೆಗಳ ಲೆಕ್ಕ ಬರೆದರು. ಹೇಗೆ ಬರೆಯಬೇಕೆಂದು ಕೇರಿಯ ಎಸ್ಸೆಸ್ಸೆಲ್ಸಿ ಹುಡುಗಿಯರಿಗೆ ತೋರಿಸಿಕೊಟ್ಟು ಹೋದರು. ಆ ಹುಡುಗಿಯರು ಒಂದು ತಿಂಗಳು ಬಿಡದೆ ಬರೆದರು. ಆ ಪಟ್ಟಿಯನ್ನು ಅರ್ಜಿಗೆ ಲಗತ್ತಿಸಿ ಕೊಟ್ಟಾಗ ಕೆಲವು ವಾರ ನೀರು ಹೊತ್ತಿಗೆ ಸರಿಯಾಗಿ ಬಂತು. ಆಮೇಲೆ ಮತ್ತೆ ಹಳೇ ರಾಗ. ಆದರೆ ಪುಸ್ತಕ ಕೇರಿಯಲ್ಲೇ ಇದೆ. ಅರ್ಜಿ ಮತ್ತೆ ಹೋಗುತ್ತದೆ.

ಕಾಗದ ಎಲ್ಲಿರುತ್ತದೆ ಎಂಬುದು ಸಣ್ಣ ಮಾತಲ್ಲ. ಸರ್ವೆಯ ದಿನ ಒಬ್ಬ ಗಾರೆ ಮೇಸ್ತ್ರಿ, “ಮನೆ ನಂಬರು, ತಲೆ ಲೆಕ್ಕ ಎಲ್ಲಾ ಬರ್ಕಂಡ್ರಿ. ಇದು ಯಾರ್ ಕೈಗೆ ಹೋಗ್ತದೆ?” ಎಂದು ಕೇಳಿದ. ಕೇಳಬೇಕಾದ್ದೇ. 2013ರ ಜನವರಿಯಲ್ಲಿ ಈಜಿಪುರದ ಇ.ಡಬ್ಲ್ಯು.ಎಸ್. ಕ್ವಾರ್ಟರ್ಸ್‌ನಿಂದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಎತ್ತಂಗಡಿ ಮಾಡಿದ್ದನ್ನು ಬೆಂಗಳೂರಿನ ಬಡವರು ಮರೆತಿಲ್ಲ. ಅಲ್ಲಿ ಮನೆಗಳ ಜೊತೆಗೆ ವಾಣಿಜ್ಯ ಸಂಕೀರ್ಣವನ್ನೂ ಕಟ್ಟುವ ಯೋಜನೆಯಿತ್ತು. ಯಾರು ಮೂಲ ಫಲಾನುಭವಿ, ಯಾರು ಬಾಡಿಗೆಯವರು ಎಂಬ ಪಟ್ಟಿಯ ಮೇಲೆಯೇ ಬದುಕು ನಿಂತಿತ್ತು. ಅದೇ ಪಟ್ಟಿ ಒಬ್ಬರಿಗೆ ಗುರಾಣಿ, ಇನ್ನೊಬ್ಬರಿಗೆ ಕತ್ತಿ.

ಆದ್ದರಿಂದ ಕೇರಿಗೆ ಬರುವ ವಿದ್ಯಾರ್ಥಿಗಳಿಗೂ, ಅವರನ್ನು ಕರೆತರುವ ನಮ್ಮಂಥವರಿಗೂ ಕೆಲವು ಮಾತು. ಕೇರಿಯ ನಕ್ಷೆ ಮಾತ್ರ ಬರೆಯಬೇಡಿ, ಊರಿನದ್ದನ್ನೂ ಸೇರಿಸಿ ಬರೆಯಿರಿ. ಕೇರಿಯ ಕಾಯಿಲೆಯ ಕಾರಣ ಬಹಳ ಸಲ ಅದರ ಗಡಿಯಾಚೆ ಇರುತ್ತದೆ. “ನಿಮಗೇನು ಬೇಕು” ಎನ್ನುವ ಮೊದಲು “ಕೊಡೋದು ಯಾರು, ತಡೆಯೋದು ಯಾರು” ಎಂದು ಕೇಳಿ. ಜನ ಆಡಿದ ಮಾತನ್ನು ಅವರ ಕನ್ನಡದಲ್ಲೇ ಬರೆದಿಟ್ಟುಕೊಂಡು ಆಮೇಲೆ ಭಾಷಾಂತರಿಸಿ. ಬರೆದದ್ದನ್ನು ಅವರ ಮುಂದೆ ಓದಿ, ತಿದ್ದಿಸಿಕೊಳ್ಳಿ. ಒಂದು ಪ್ರತಿ ಅಲ್ಲೇ ಬಿಟ್ಟು ಹೋಗಿ. ಯಾರ ಹೆಸರು ಹೊರಗೆ ಹೋಗಬಾರದು ಎಂಬುದನ್ನು ಅವರೇ ತೀರ್ಮಾನಿಸಲಿ.

ದುಭಾಷಿಗಳಾಗಿ ಹೋಗುವ ನಮ್ಮ ಹುಡುಗರಿಗೆ ಇನ್ನೊಂದೇ ಮಾತು. ನಾಚಿಕೆ ಪಡಬೇಕಾದವರು ನಾವಲ್ಲ ಎಂದು ವೇದಿಕೆಯ ಮೇಲೆ ಹೇಳುವುದು ಸುಲಭ. ಹೊರಗಿನವರ ಎದುರು ನಿಂತು, ನಮ್ಮಕ್ಕ ಆಡಿದ ಮಾತನ್ನು ಒಂದಕ್ಷರ ಬಿಡದೆ ಹೇಳುವಾಗಲೇ ಅದರ ಪರೀಕ್ಷೆ. ನಾನು ಒಂದು ಸಲ ಫೇಲಾದೆ. ಪಂಪಿನ ಅಂದಾಜು ಪಟ್ಟಿಯ ಹಾಳೆಯನ್ನು ಇನ್ನೂ ಎತ್ತಿಟ್ಟುಕೊಂಡಿದ್ದೇನೆ.