ಸೇನೆಯಲ್ಲಿ ಸಲಿಂಗಪ್ರೇಮಿಗಳು: ಕಾನೂನು ಏನು ಹೇಳುತ್ತದೆ?



ಕೊಡಗಿನ ಭಾಗಮಂಡಲವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಕಾವೇರಿ, ಕನ್ನಿಕೆ, ಸುಜ್ಯೋತಿ ನದಿಗಳ ಸಂಗಮವೆಂದು ಈ ಕ್ಷೇತ್ರ ಪ್ರಸಿದ್ಧ. ಮೊದಲೆರಡು ನದಿಗಳು ಕಣ್ಣಿಗೆ ಕಾಣುತ್ತವೆ. ಸುಜ್ಯೋತಿ ಮಾತ್ರ ಗುಪ್ತಗಾಮಿನಿ ಎಂಬುದು ನಂಬಿಕೆ. ಕೊಡಗಿಗೆ ಇನ್ನೊಂದು ಖ್ಯಾತಿಯೂ ಉಂಟು. 1949ರ ಜನವರಿ 15ರಂದು ನಮ್ಮ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೆ.ಎಂ. ಕಾರ್ಯಪ್ಪನವರು, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಕೆ.ಎಸ್. ತಿಮ್ಮಯ್ಯನವರು ಇಬ್ಬರೂ ಈ ಮಣ್ಣಿನವರೇ. ಮನೆಗೊಬ್ಬ ಯೋಧನಿದ್ದರೆ ಹೆಮ್ಮೆಪಡುವ ನಾಡಿದು.

ಭಾಗಮಂಡಲದ ಒಬ್ಬ ತರುಣನನ್ನು ಊಹಿಸಿಕೊಳ್ಳಿ. ಅಜ್ಜ, ತಂದೆ ಇಬ್ಬರೂ ಸೇನೆಯಲ್ಲಿದ್ದವರು. ಹುಡುಗ ಓಟದಲ್ಲಿ ಮುಂದು, ಓದಿನಲ್ಲೂ ಹಿಂದಿಲ್ಲ. ಆದರೆ ತನ್ನ ಒಲವು ಹೆಣ್ಣಿನ ಕಡೆಗಲ್ಲ, ಗಂಡಿನ ಕಡೆಗೆ ಎಂಬುದು ಅವನಿಗೆ ತಿಳಿದಿದೆ. ಇದನ್ನು ಮುಚ್ಚಿಡದೆ ಅವನು ಸಮವಸ್ತ್ರ ತೊಡಬಹುದೇ?

ಮೊದಲು ಸಾಮಾನ್ಯ ನಾಗರಿಕರಿಗೆ ಅನ್ವಯಿಸುವ ಕಾನೂನನ್ನು ನೋಡೋಣ. 1860ರಲ್ಲಿ ಬ್ರಿಟಿಷರು ರೂಪಿಸಿದ ಭಾರತೀಯ ದಂಡ ಸಂಹಿತೆಯ 377ನೇ ಕಲಂ ಸಲಿಂಗ ಸಂಬಂಧವನ್ನು ಅಪರಾಧವೆಂದು ಪರಿಗಣಿಸಿತ್ತು. 2009ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ವಯಸ್ಕರ ಸಮ್ಮತಿಯ ಸಂಬಂಧವನ್ನು ಅದರಿಂದ ಹೊರಗಿಟ್ಟಿತು. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಪಡಿಸಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದೂ ಇಂಥ ಒಲವು ಸಹಜವೆಂದೂ ಸಾರಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ.

ಹಾಗಾದರೆ ಪ್ರಶ್ನೆ ಮುಗಿಯಿತೇ? ಇಲ್ಲ. ಸಂವಿಧಾನದ 33ನೇ ವಿಧಿಯು ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ನೀಡಿದೆ. ಕರ್ತವ್ಯಪಾಲನೆ ಹಾಗೂ ಶಿಸ್ತು ಇದರ ಉದ್ದೇಶ. 1950ರ ಸೇನಾ ಕಾಯಿದೆಯ 46ನೇ ಕಲಂ ಕ್ರೂರ, ಅಸಭ್ಯ ಅಥವಾ 'ಅಸ್ವಾಭಾವಿಕ' ರೀತಿಯ ಲಜ್ಜಾಸ್ಪದ ನಡತೆಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸುತ್ತದೆ. ಅಧಿಕಾರಿಗಳಿಗೆ ತಕ್ಕುದಲ್ಲದ ನಡತೆಯನ್ನು 45ನೇ ಕಲಂ ಶಿಕ್ಷಿಸುತ್ತದೆ. ವಿಚಾರಣೆ ನಡೆಯುವುದು ಕೋರ್ಟ್ ಮಾರ್ಷಲ್‌ನಲ್ಲಿ. ಇಲ್ಲೊಂದು ಅಂಶವನ್ನು ಗಮನಿಸಿ: ಕಾಯಿದೆ ಹೇಳುವುದು ನಡತೆಯ ಬಗ್ಗೆ, ಒಲವಿನ ಬಗ್ಗೆ ಅಲ್ಲ. ಆದರೆ 'ಅಸ್ವಾಭಾವಿಕ' ಎಂದರೇನೆಂಬ ವಿವರಣೆ ಅದರಲ್ಲಿಲ್ಲ. ಒಲವನ್ನು ಹೇಳಿಕೊಂಡವನಿಗೆ ರಕ್ಷಣೆಯೂ ಇಲ್ಲ. 2019ರ ಜನವರಿಯಲ್ಲಿ ಅಂದಿನ ಭೂಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಅವರು, ಸೇನೆ ಸಂಪ್ರದಾಯಶೀಲವಾದುದು, ಇದಕ್ಕೆ ಅವಕಾಶವಿಲ್ಲವೆಂದು ಸ್ಪಷ್ಟಪಡಿಸಿದ್ದರು.

ವಿರೋಧಿಸುವವರ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. ಸೈನಿಕರು ಒಂದೇ ಬಂಕರಿನಲ್ಲಿ ತಿಂಗಳುಗಟ್ಟಲೆ ಇರಬೇಕು. ಪರಸ್ಪರ ನಂಬಿಕೆ ಮುರಿದರೆ ಪ್ರಾಣಕ್ಕೇ ಅಪಾಯ. ಸಂಪ್ರದಾಯಸ್ಥ ಹಳ್ಳಿಗಳಿಂದ ಬಂದ ಯುವಕರು ಇದನ್ನು ಒಪ್ಪಲಾರರು ಎಂಬುದು ಅವರ ಆತಂಕ. ಬೆಂಬಲಿಸುವವರು ಕೇಳುವುದು ಬೇರೆ: ಗುಂಡಿಗೆ ಎದೆಯೊಡ್ಡುವ ಧೈರ್ಯಕ್ಕೂ ಒಲವಿಗೂ ಏನು ಸಂಬಂಧ? ಗುಟ್ಟನ್ನು ಬಚ್ಚಿಡಬೇಕಾದವನನ್ನು ಹೆದರಿಸಿ ರಹಸ್ಯ ಕಸಿಯುವುದೇ ಶತ್ರುವಿಗೆ ಸುಲಭವಲ್ಲವೇ? ಬಲವಂತ, ಕಿರುಕುಳ ನಡೆದರೆ ಗಂಡಾಗಲಿ ಹೆಣ್ಣಾಗಲಿ ಒಂದೇ ನಿಯಮದಡಿ ಶಿಕ್ಷಿಸಬಹುದಲ್ಲವೇ?

ಹೊರದೇಶಗಳ ಅನುಭವವೂ ತಿಳಿಯತಕ್ಕದ್ದು. ನೆದರ್ಲೆಂಡ್ಸ್ 1974ರಲ್ಲೇ ನಿಷೇಧ ತೆಗೆಯಿತು. ಬ್ರಿಟನ್ನಿನಲ್ಲಿ ಕೆಲಸ ಕಳೆದುಕೊಂಡ ಸೈನಿಕರು ಮಾನವ ಹಕ್ಕುಗಳ ಯುರೋಪಿಯನ್ ನ್ಯಾಯಾಲಯಕ್ಕೆ ಹೋಗಿ 1999ರಲ್ಲಿ ಗೆದ್ದರು. 2000ದ ಜನವರಿಯಲ್ಲಿ ನಿಷೇಧ ಹೋಯಿತು. ಎಲ್ಲರಿಗೂ ಒಂದೇ ನಡತೆಯ ನಿಯಮಾವಳಿ ಬಂತು. 2023ರಲ್ಲಿ ಅಲ್ಲಿನ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೋರಿದರು. ಅಮೆರಿಕದಲ್ಲಿ 1990ರ ದಶಕದಲ್ಲಿ ಬಂದ ನೀತಿಯೆಂದರೆ 'ಕೇಳಬೇಡ, ಹೇಳಬೇಡ'. ಮೌನವಾಗಿದ್ದವರು ಉಳಿದರು; ಆ ನೀತಿಯಡಿ ಕೆಲಸ ಕಳೆದುಕೊಂಡವರು 13 ಸಾವಿರಕ್ಕೂ ಹೆಚ್ಚು. 2011ರ ಸೆಪ್ಟೆಂಬರ್ 20ರಂದು ಅದೂ ಕೊನೆಗೊಂಡಿತು. ನಮ್ಮ 46ನೇ ಕಲಮಿನ ಪದಗಳು ಬ್ರಿಟಿಷರ ಸೇನಾ ಕಾನೂನಿನಿಂದಲೇ ಬಂದವು ಎಂಬುದನ್ನು ಇಲ್ಲಿ ನೆನೆಯಬೇಕು.

ನಮ್ಮಲ್ಲಿ ಬದಲಾವಣೆ ಬೇಕೆಂದರೆ ನೇರವಾದ ದಾರಿ ಸಂಸತ್ತು ಕಾಯಿದೆಯನ್ನು ತಿದ್ದುವುದು. ನಾಳೆ ಮತ ಹಾಕುವವರು, ಸೇನೆ ಸೇರುವವರು ನೀವೇ. ಆದ್ದರಿಂದ ಈ ಪ್ರಶ್ನೆ ನಿಮ್ಮದೂ ಹೌದು. ಭಾಗಮಂಡಲದ ಆ ತರುಣ ಇಂದು ಸೇನೆ ಸೇರಬೇಕಾದರೆ ಸುಜ್ಯೋತಿಯಂತೆ ಕಾಣದೆ ಹರಿಯಬೇಕು. ಅದು ದೇಶದ ಶಿಸ್ತಿಗೆ ಅವನು ತೆರಲೇಬೇಕಾದ ಬೆಲೆಯೇ, ಅಥವಾ ನಾವು ಅವನ ಮೇಲೆ ಹೊರಿಸಿದ ಅನಗತ್ಯ ಭಾರವೇ? ತರಗತಿಯಲ್ಲಿ ಎರಡೂ ಪಕ್ಷ ವಹಿಸಿ ಚರ್ಚಿಸಿರಿ.